ಜೂನ್ ಒಂದರಂದು ಹುಟ್ಟಿದವರು

ಕೌಲ್ ಬಜಾರ್, ಬಳ್ಳಾರಿ
೨೦ ಜನವರಿ ೨೦೦೯, ಮಂಗಳವಾರ

ಹುಮೇರಾಳಿಗೆ,

ಸಲಾಂ. ಅಕ್ಷರ ನೋಡಿ ಗಾಬರಿಯಾಗಬೇಡ, ನನ್ನದೇ. ಇಂಟರ್‌ನೆಟ್ ಅಂಗಡಿ ಇಟ್ಟು ಎಂಟು ವರ್ಷ ಕೀಬೋರ್ಡ್ ಕುಟ್ಟಿದವನ ಕೈಬರಹ ಇದಕ್ಕಿಂತ ಚೆನ್ನಾಗಿರುವುದಿಲ್ಲ. ಎರಡು ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಫೋನ್ ಮಾಡೋಣವೆಂದರೆ ನಮ್ಮ ಫೋನಿನ ಕಥೆ ನಿನಗೇ ಗೊತ್ತಿದೆ. ‘ಊಟ ಆಯ್ತಾ’ ಎಂದು ಶುರುವಾಗಿ ಮೂರನೇ ಮಾತಿಗೆ ನಿಮ್ಮ ಅಬ್ಬಾರನ್ನು ಮಣ್ಣು ಮಾಡಿದ ದಿನಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಇಬ್ಬರಲ್ಲೊಬ್ಬರು ಕಟ್ ಮಾಡುತ್ತೇವೆ. ಅದಕ್ಕೇ ಈ ಕಾಗದ.

ನೀನು ಸಿರುಗುಪ್ಪಕ್ಕೆ ಹೋಗಿ ಆರು ತಿಂಗಳು ದಾಟಿತು. ಅಬ್ಬಾರ ನಲವತ್ತು ದಿನ ಮುಗಿಸಿಕೊಂಡು ಬರುತ್ತೀಯ ಎಂದುಕೊಂಡಿದ್ದೆ. ಬರಲಿಲ್ಲ. ಅಲ್ಲೇ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದೆ ಎಂದು ಬೇರೆಯವರಿಂದ ಗೊತ್ತಾಯಿತು. ಇನ್ನು ನನ್ನ ಪಾಲಿಗೆ ಮುಗಿಯಿತು ಎಂದುಕೊಂಡಿದ್ದಾಗ, ಸೆಪ್ಟೆಂಬರ್‌ನ ಒಂದು ಸಂಜೆ ಕ್ಯಾರಂ ಆಟದ ಸೈಟಿನಲ್ಲಿ ‘ಬಡಗಿಮಗಳು’ ಎಂಬ ಹೆಸರಿನ ಮುಂದೆ ಹಸಿರು ದೀಪ ಹೊತ್ತಿತು. ಮದುವೆಯಾದ ವರ್ಷ ನಾಲ್ಕನೇ ನಂಬರಿನ ಮಷೀನಿನ ಮುಂದೆ ನಿನ್ನನ್ನು ಕೂರಿಸಿ ನಾನೇ ತೆರೆದುಕೊಟ್ಟ ಅಕೌಂಟ್ ಅದು. ಆಟಕ್ಕೆ ಕರೆದೆ. ನೀನು ಏನೂ ಬರೆಯದೆ ಸ್ಟ್ರೈಕರ್ ಹೊಡೆದೆ.

ಅವತ್ತಿನಿಂದ ಸಂಜೆ ಆರೂವರೆಯಿಂದ ಏಳೂವರೆ. ನೀನೂ ಒಂದು ಮಾತು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಾನು ಕೆಟ್ಟದಾಗಿ ಹೊಡೆದಾಗಲೆಲ್ಲ ನೀನು ನಿನ್ನ ಸರದಿಯನ್ನು ಬೇಕೆಂದೇ ತಡ ಮಾಡುತ್ತಿದ್ದೆ. ಅಲ್ಲಿ ಕೂತು ನಗುತ್ತಿದ್ದೀಯ ಎಂದು ನನಗೆ ಇಲ್ಲಿ ಗೊತ್ತಾಗುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಹೋದ ಶುಕ್ರವಾರ ನಿನ್ನ ಹೆಸರೇ ಇಲ್ಲ. ಹುಡುಕಿದರೆ ‘ಈ ಆಟಗಾರರು ಇಲ್ಲ’ ಎಂದು ಬರುತ್ತದೆ. ನನ್ನ ಮೇಲೆ ಸಿಟ್ಟಿದ್ದರೆ ಬೈಯಿ, ಬೈಸಿಕೊಳ್ಳುತ್ತೇನೆ. ಅಕೌಂಟ್ ಮುಚ್ಚಿಕೊಂಡು ಹೋಗಬೇಡ. ನೀನು ಇದ್ದೀಯ ಎಂದು ತಿಳಿಯಲು ನನಗಿದ್ದದ್ದು ಅದೊಂದೇ.

ನಿನ್ನ
ಫಾರೂಕ್


ಸಿರುಗುಪ್ಪ
೨೬ ಜನವರಿ ೨೦೦೯

ಫಾರೂಕ್ ಅವರಿಗೆ,

ಸಲಾಂ. ನಿಮ್ಮ ಕಾಗದ ಮೊದಲು ತಲುಪಿದ್ದು ಶಾಕೀರ್ ಅಣ್ಣನ ಕೈಗೆ. ಅಮ್ಮಿಯ ಮುಂದೆ ಅದನ್ನು ಗಟ್ಟಿಯಾಗಿ ಓದಿದ. ‘ಅಲ್ಲಿ ಕೂತು ನಗುತ್ತಿದ್ದೀಯ’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಅಕ್ಕಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಇನ್ನು ಮುಂದೆ ಬರೆಯುವುದಿದ್ದರೆ ಮನೆಗೂ ಬೇಡ, ಇಲ್ಲಿನ ಕ್ಲಾಸಿಗೂ ಬೇಡ. ಕ್ಲಾಸಿನ ಯಜಮಾನರು ಅಣ್ಣನ ಸ್ನೇಹಿತರು. ಪ್ರತಿ ಶನಿವಾರ ಕುರುಗೋಡಿನಲ್ಲಿ ಚಿದಾನಂದಪ್ಪನವರ ಕಂಪ್ಯೂಟರ್ ಕೋಣೆಯಲ್ಲಿ ಪಾಠ ಮಾಡಲು ಹೋಗುತ್ತೇನೆ. ವಿಳಾಸ ಕೆಳಗಿದೆ. ಅವರು ದೊಡ್ಡವರು, ಬೇರೆಯವರ ಕಾಗದ ಒಡೆಯುವವರಲ್ಲ.

ಅಕೌಂಟ್ ನಾನು ಮುಚ್ಚಿಲ್ಲ. ಶುಕ್ರವಾರ ತೆರೆದಾಗ ಇಂಗ್ಲಿಷಿನಲ್ಲಿ ಎರಡು ಸಾಲಿತ್ತು. ಈ ಅಕೌಂಟಿನ ಹಿಂದೆ ಬೇರೆ ಜನರಿರುವ ಅನುಮಾನವಿದೆ, ಭದ್ರತೆಗಾಗಿ ಮುಚ್ಚಲಾಗಿದೆ ಎಂದು. ಯಾರು ಆ ಬೇರೆ ಜನ? ನನ್ನ ಪಾಸ್‌ವರ್ಡ್ ನನ್ನ ತಲೆಯಲ್ಲಿದೆ, ಮತ್ತೆ ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದ ಕೆಂಪು ಪುಸ್ತಕದಲ್ಲಿದೆ. ಅಂಗಡಿಗೆ ಬರುವವರು ಪಾಸ್‌ವರ್ಡ್ ಮರೆಯುತ್ತಾರೆಂದು ಊರಿನವರದೆಲ್ಲ ಬರೆದಿಟ್ಟುಕೊಂಡಿದ್ದೀರಲ್ಲ, ಆ ಪುಸ್ತಕ. ನನ್ನ ಮೇಲ್‌ನ ಪಾಸ್‌ವರ್ಡೂ ಅದರಲ್ಲೇ ಇದೆ, ಅದಕ್ಕೇ ಆ ಮೇಲ್ ನಾನು ತೆರೆಯುವುದು ಬಿಟ್ಟು ಬಹಳ ದಿನವಾಯಿತು.

ಅದಿರಿನ ಲಾರಿಗಳ ದುಡ್ಡಿನಲ್ಲಿ ಮೆರೆಯುವ ನಿಮ್ಮ ಗಿರಾಕಿಗಳಿಗೆ ಮೊದಲಿನಿಂದ ಆಡಿ ಗೆಲ್ಲುವ ಸಹನೆ ಇಲ್ಲ. ಪಾಯಿಂಟು ಗೆದ್ದು ಇಟ್ಟ ಅಕೌಂಟ್ ಸಿಕ್ಕರೆ ಬಿಡುತ್ತಾರೆಯೇ. ಯಾರಿಗೆ ಕೊಟ್ಟಿರಿ?

ಆರು ತಿಂಗಳಲ್ಲಿ ಆ ಅಂಗಡಿಯಿಂದ ನಾನು ಏನನ್ನೂ ಕೇಳಿಲ್ಲ. ಆ ಒಂದು ಗಂಟೆ ಮಾತ್ರ ನನ್ನದು ಎಂದುಕೊಂಡಿದ್ದೆ. ಅದನ್ನೂ ಗಿರಾಕಿಗೆ ಕೊಟ್ಟಿರಿ.

ಹುಮೇರಾ


ಬಳ್ಳಾರಿ
೨೯ ಜನವರಿ ೨೦೦೯

ಹುಮೇರಾ,

ತೋಬಾ, ತೋಬಾ. ಕೊಟ್ಟಿಲ್ಲ. ನಿನ್ನ ಅಕೌಂಟನ್ನು ಯಾರಿಗೂ ಕೊಟ್ಟಿಲ್ಲ, ಕೇಳಿದವರನ್ನು ಮೆಟ್ಟಿಲು ಇಳಿಸಿದ್ದೇನೆ. ಪೂರ್ತಿ ಓದಿದ ಮೇಲೆ ಬೈಯಿ.

ನಿನ್ನ ಕಾಗದ ಬಂದ ದಿನವೇ ನನ್ನದೂ ಹೋಯಿತು. ನನ್ನದಷ್ಟೇ ಅಲ್ಲ, ಅಂಗಡಿಯಲ್ಲಿ ಆಡುವ ಅಷ್ಟೂ ಜನರದು. ಲೆಕ್ಕ ಹಾಕಿದರೆ ಅರವತ್ತಮೂರು. ಸಂಡೂರು ಕಡೆ ಲಾರಿ ಲೋಡಿಂಗ್ ನೋಡಿಕೊಳ್ಳುವ ಹುಲುಗೇಶ ಇದ್ದಾನಲ್ಲ, ಎರಡು ವರ್ಷ ಆಡಿ ಗೆದ್ದದ್ದೆಲ್ಲ ಹೋಯಿತೆಂದು ಟೇಬಲ್ ಗುದ್ದಿದ. ‘ಫಾರೂಕಣ್ಣ, ನಾ ಏನ್ ಕಳ್ಳ ಅದೀನೇನು? ನನ್ನ ಹೆಸರು ಯಾಕ ತೆಗದ್ರು?’ ಅಂದ.

ಕೊನೆಗೆ ಕಂಪನಿಯವರ ಮೇಲ್ ಓದಿಸಿದೆ. ಅರವತ್ತಮೂರು ಜನರ ಹುಟ್ಟಿದ ದಿನ ಒಂದೇ, ಜೂನ್ ಒಂದು. ಎಲ್ಲ ಅಕೌಂಟ್ ತೆರೆದಿರುವುದು ಒಂದೇ ಇಂಟರ್‌ನೆಟ್ ಲೈನಿನಿಂದ. ಎಲ್ಲರಿಗೂ ಕೊಟ್ಟಿರುವ ಮೇಲ್ ವಿಳಾಸ ಅಂಗಡಿಯದೇ. ಆದ್ದರಿಂದ ಇವರು ಅರವತ್ತಮೂರು ಜನರಲ್ಲ, ಅರವತ್ತಮೂರು ಹೆಸರಿಟ್ಟುಕೊಂಡ ಒಬ್ಬನೇ ಮೋಸಗಾರ ಎಂದು ತೀರ್ಮಾನಿಸಿದ್ದಾರೆ. ಬೇರೆ ಊರಿನಿಂದ ಆಡುತ್ತಿದ್ದ ನಿನ್ನ ಅಕೌಂಟಿನ ಮೇಲೆ ಮೊದಲು ಕಣ್ಣು ಬಿದ್ದಿದೆ. ಅದರ ಬಾಲ ಹಿಡಿದು ನಮ್ಮೆಲ್ಲರ ತನಕ ಬಂದಿದ್ದಾರೆ.

ತಪ್ಪು ನನ್ನದೇ. ಅಕೌಂಟ್ ತೆರೆಯುವ ಫಾರಂ ಇಂಗ್ಲಿಷಿನಲ್ಲಿರುತ್ತದೆ, ಬಂದವರು ‘ನೀವೇ ತುಂಬ್ರಿ ಅಣ್ಣ’ ಅನ್ನುತ್ತಾರೆ. ಮೊದಲನೆಯವನು ಎಸ್ಸೆಸ್ಸೆಲ್ಸಿ ಕಾರ್ಡು ತೋರಿಸಿದ, ಜೂನ್ ಒಂದು. ಎರಡನೆಯವನದೂ ಜೂನ್ ಒಂದು. ಮೂರನೆಯವನದೂ. ನಾಲ್ಕನೆಯವನಿಂದ ನಾನು ಕೇಳುವುದನ್ನೇ ಬಿಟ್ಟೆ. ನಿನ್ನ ಕಾರ್ಡಿನಲ್ಲಿ ಏನಿದೆ ಹೇಳು? ನನ್ನದರಲ್ಲೂ ಅದೇ ಇದೆ. ನಮ್ಮ ಹೆಡ್ ಮಾಸ್ತರರೆಲ್ಲ ಸೇರಿ ಇಡೀ ತಾಲೂಕನ್ನು ಒಂದೇ ದಿನ ಹೆರಿಸಿಬಿಟ್ಟಿದ್ದಾರೆ. ಹುಟ್ಟಿದ ತಾರೀಖು ತಿಳಿಯದ ಮಗು ಸಾಲಿಗೆ ಬಂದರೆ ಸಾಲಿ ಶುರುವಾಗುವ ದಿನವೇ ಅದರ ಹುಟ್ಟಿದ ದಿನ ಎಂದು ಆ ದೂರದೇಶದ ಕಂಪನಿಯವರಿಗೆ ಹೇಗೆ ತಿಳಿಸಲಿ?

ಇಂಗ್ಲಿಷ್ ನಿನಗೆ ಬರುತ್ತದೆ, ನನಗೆ ಇಷ್ಟೇ. ಒಂದು ಅರ್ಜಿ ಬರೆದುಕೊಡು. ಹುಲುಗೇಶನಿಗಾಗಿ ಅಲ್ಲ.

ಫಾರೂಕ್


ಕುರುಗೋಡು
೭ ಫೆಬ್ರವರಿ ೨೦೦೯, ಶನಿವಾರ

ಫಾರೂಕ್ ಅವರಿಗೆ,

ನಿಮ್ಮ ಕಾಗದವನ್ನು ಚಿದಾನಂದಪ್ಪನವರು ಕೀಬೋರ್ಡಿನ ಕೆಳಗೆ ಇಟ್ಟಿದ್ದರು. ಹುಡುಗಿಯರಿಗೆ ಟೈಪಿಂಗ್ ಹಚ್ಚಿ ಓದಲು ಕೂತೆ. ‘ಒಂದೇ ದಿನ ಹೆರಿಸಿಬಿಟ್ಟಿದ್ದಾರೆ’ ಎಂಬಲ್ಲಿ ನಗು ತಡೆಯಲಾಗಲಿಲ್ಲ. ಮುಂದಿನ ಬೆಂಚಿನ ರಾಧಾ ‘ಏನ್ರಿ ಮೇಡಂ?’ ಅಂದಳು. ನಿನ್ನ ಹುಟ್ಟಿದ ದಿನ ಯಾವಾಗ ಎಂದು ಕೇಳಿದೆ. ಜೂನ್ ಒಂದು ಅಂದಳು. ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಕೈ ಎತ್ತಿದರು. ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಿಮ್ಮ ಮೇಲೆ ಅನುಮಾನಪಟ್ಟದ್ದು ತಪ್ಪಾಯಿತು. ಕೆಂಪು ಪುಸ್ತಕದ ಬಗ್ಗೆ ಬರೆದದ್ದು ತಪ್ಪಲ್ಲ. ಮನೆಯ ಬೀಗದ ಕೈಗಳನ್ನೆಲ್ಲ ಬೀದಿಯ ಗೂಟಕ್ಕೆ ನೇತುಹಾಕಿದ ಹಾಗೆ ಅದು. ಮೊದಲೂ ಹೇಳಿದ್ದೆ.

ಅರ್ಜಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಅದನ್ನು ಬರೆಯುವಾಗ ಅಬ್ಬಾ ಬಹಳ ನೆನಪಾದರು. ನನ್ನನ್ನು ಸಾಲಿಗೆ ಹಚ್ಚಲು ಹೋದಾಗ ರಾಮಪ್ಪ ಮಾಸ್ತರರು ತಾರೀಖು ಕೇಳಿದರಂತೆ. ಅಬ್ಬಾ, ‘ಮೊಹರಂ ಹತ್ತರ ಮರುದಿನ ರೀ, ಭತ್ತ ಹೊಡಿಗೆ ಬಂದಿತ್ತು’ ಎಂದರು. ‘ಅದನ್ನ ಸರಕಾರದ ಪುಸ್ತಕದಾಗ ಹೆಂಗ ಬರೀಲಿ ಸಾಹೇಬ್ರ?’ ಎಂದು ಮಾಸ್ತರರು ಜೂನ್ ಒಂದು ಬರೆದೇಬಿಟ್ಟರು. ಅಬ್ಬಾ ಉಳಿ ಸುತ್ತಿಗೆಯ ಚೀಲ ನೆಲಕ್ಕಿಟ್ಟು ಅಲ್ಲೇ ಅರ್ಧ ಗಂಟೆ ವಾದ ಮಾಡಿದರಂತೆ. ಸೋತು ಬಂದರು, ಆದರೆ ಒಪ್ಪಲಿಲ್ಲ. ಪ್ರತಿ ವರ್ಷ ಚಂದ್ರನ ಲೆಕ್ಕ ತಾವೇ ಹಾಕಿ, ಮೊಹರಂ ಹತ್ತರ ಮರುದಿನ ಪೇಪರಿನಲ್ಲಿ ಸುತ್ತಿದ ಜಿಲೇಬಿ ತರುತ್ತಿದ್ದರು. ಮದುವೆಯಾದ ಮೇಲೂ ಬಳ್ಳಾರಿ ಬಸ್ಸಿನಲ್ಲಿ ಬಂದು ಕೊಟ್ಟುಹೋಗಿದ್ದು ನೀವು ನೋಡಿದ್ದೀರಿ.

ಈ ವರ್ಷ ಆ ದಿನ ಜನವರಿ ಒಂಬತ್ತಕ್ಕೆ ಬಂದಿತ್ತು. ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅವತ್ತು ಸಂಜೆ ನೀವು ಸಾಲಾಗಿ ಮೂರು ಆಟ ಸೋತಿರಿ. ನನಗಾಗಿ ಬೇಕೆಂದೇ ಸೋತಿರಿ ಎಂದುಕೊಂಡು ರಾತ್ರಿ ಸಮಾಧಾನದಿಂದ ಮಲಗಿದೆ. ಹೌದಲ್ಲ?

ಹುಮೇರಾ


ಬಳ್ಳಾರಿ
೧೬ ಫೆಬ್ರವರಿ ೨೦೦೯

ನನ್ನ ಹುಮೇರಾ,

ಅರ್ಜಿ ಕಳಿಸಿದೆ, ಉತ್ತರವೂ ಬಂತು. ಪ್ರತಿಯೊಬ್ಬರೂ ಸರಕಾರದ ಗುರುತಿನ ಚೀಟಿ ಕಳಿಸಿ ತಾವು ಬೇರೆ ಬೇರೆ ಎಂದು ತೋರಿಸಬೇಕಂತೆ. ಇಪ್ಪತ್ತು ಜನರ ಚೀಟಿ ಸ್ಕ್ಯಾನ್ ಮಾಡಿ ಕಳಿಸಿದೆ. ಇಪ್ಪತ್ತರಲ್ಲೂ ಜೂನ್ ಒಂದು. ನಕಲಿ ಚೀಟಿ ಕಳಿಸುತ್ತಿದ್ದೀರಿ ಎಂದು ಅಂಗಡಿಯ ಲೈನನ್ನೇ ಕಾಯಂ ಆಗಿ ನಿಷೇಧಿಸಿದರು. ನಿಜ ತೋರಿಸಿದಷ್ಟೂ ನಾವು ದೊಡ್ಡ ಕಳ್ಳರಾಗುತ್ತಾ ಹೋದೆವು. ಗಿರಾಕಿಗಳು ಬೇರೆ ಆಟಗಳಿಗೆ ಹೋದರು, ಅವರಿಗೇನು. ನಾನು ಎಲ್ಲಿಗೆ ಹೋಗಲಿ?

ಆರೂವರೆಗೆ ಈಗಲೂ ನಾಲ್ಕನೇ ಮಷೀನ್ ಹಚ್ಚಿ ಕೂರುತ್ತೇನೆ. ಆ ಹೊತ್ತಿಗೆ ಅದನ್ನು ಯಾರಿಗೂ ಕೊಡುವುದಿಲ್ಲ. ನಿನ್ನೆ ಗೆಳೆಯ ಮಾರೆಣ್ಣ ಲಾರಿ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ. ಖಾಲಿ ಪರದೆ ನೋಡಿ, ‘ಏನ್ ನೋಡಾಕ ಹತ್ತೀಯೋ ಫಾರೂಕಾ?’ ಎಂದು ಕೇಳಿದ. ಏನಿಲ್ಲ ಅಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಚಹಾ ತರಿಸಿದ.

ಮನೆಯಲ್ಲಿ ಅಬ್ಬಾ ಮದುವೆಗೆ ಮಾಡಿಕೊಟ್ಟ ಕ್ಯಾರಂ ಬೋರ್ಡನ್ನು ಅಟ್ಟದಿಂದ ಇಳಿಸಿದೆ. ಪೌಡರ್ ಹಾಕಿ ಎರಡೂ ಕಡೆಯಿಂದ ನಾನೇ ಆಡಿದೆ. ನಿನ್ನ ಕಡೆ ಕೂತಾಗ ಚೆನ್ನಾಗಿ ಆಡಿದೆ ಅನ್ನಿಸಿತು. ಗೆದ್ದದ್ದೂ ನೀನೇ.

ಜನವರಿ ಒಂಬತ್ತರ ಮಾತು. ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ. ಆ ದಿನ ನನಗೆ ನೆನಪಿರಲಿಲ್ಲ. ಮೌಸಿನಲ್ಲಿ ಅದಿರಿನ ದೂಳು ಸಿಕ್ಕಿಕೊಂಡು ಎಡಕ್ಕೆ ತಿರುಗುತ್ತಿರಲಿಲ್ಲ, ಅದಕ್ಕೇ ಸೋತೆ. ನೀನು ಸಮಾಧಾನದಿಂದ ಮಲಗಿದೆ ಎಂದು ಓದಿದ ಮೇಲೆ, ನೆನಪಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನ್ನನ್ನೇ ಬೈದುಕೊಂಡೆ.

ಮನೆಗೆ ಬಾ ಹುಮೇರಾ. ನೀನಿಲ್ಲದೆ ನನಗೆ ಆಗುತ್ತಿಲ್ಲ. ಇದನ್ನು ಬೇರೆ ಹೇಗೆ ಬರೆಯಬೇಕೋ ಗೊತ್ತಿಲ್ಲ.

ಫಾರೂಕ್


ಕುರುಗೋಡು
೨೧ ಫೆಬ್ರವರಿ ೨೦೦೯, ಶನಿವಾರ

ಫಾರೂಕ್ ಅವರಿಗೆ,

ನಿಮ್ಮ ಕೊನೆಯ ಎರಡು ಸಾಲನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ.

ಇದನ್ನು ಹೋದ ಕಾಗದದಲ್ಲೇ ಬರೆಯಬೇಕಿತ್ತು, ಮುಚ್ಚಿಟ್ಟೆ. ಮಾರ್ಚ್ ಹದಿಮೂರು, ಶುಕ್ರವಾರ, ಜುಮ್ಮಾ ನಮಾಜ್ ಆದ ಮೇಲೆ ಮಸೀದಿಯ ಹಿರಿಯರು ನಮ್ಮ ಮನೆಯಲ್ಲಿ ಕೂರುತ್ತಾರೆ. ಶಾಕೀರ್ ಅಣ್ಣ ನಮ್ಮ ಸಂಬಂಧ ಬಿಡಿಸುವ ಮಾತಾಡಿದ್ದಾನೆ. ಅಮ್ಮಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹಿರಿಯರು ನನ್ನನ್ನು ಕೇಳುತ್ತಾರೆ. ನಾನು ಏನು ಹೇಳಬೇಕು?

ಜುಲೈ ಹತ್ತು, ಗುರುವಾರ. ನಾನು ಎರಡು ದಿನ ಮೊದಲೇ ಅಬ್ಬಾರನ್ನು ನೋಡಿಕೊಳ್ಳಲು ಬಂದಿದ್ದೆ. ಬೆಳಗ್ಗೆ ಅವರಿಗೆ ಜೋರಾಯಿತು. ನಿಮಗೆ ಫೋನ್ ಮಾಡಿದೆ, ಮಾಡುತ್ತಲೇ ಇದ್ದೆ. ರಿಂಗ್ ಆಗುತ್ತಿತ್ತು, ನೀವು ಎತ್ತಲಿಲ್ಲ. ಮಧ್ಯಾಹ್ನ ಅಬ್ಬಾ ಹೋದರು. ಸಂಜೆಯ ನಮಾಜಿಗೆ ಮುಂಚೆ ಮಣ್ಣಾಯಿತು. ಒಬ್ಬನೇ ಅಳಿಯ, ಹೆಗಲು ಕೊಡಲಿಲ್ಲ. ಮೂರನೇ ದಿನ ಬಂದಿರಿ. ನಾನು ಪರದೆಯ ಹಿಂದೆ ನಿಂತಿದ್ದೆ. ಅಣ್ಣ ಬಾಗಿಲಲ್ಲೇ ನಿಲ್ಲಿಸಿ ‘ಎಲ್ಲಿದ್ದಿ?’ ಎಂದು ಕೇಳಿದ. ನೀವು ‘ಅಂಗಡ್ಯಾಗ ಇದ್ದೆ’ ಅಂದಿರಿ. ‘ಹಂಗಾರ ಅಂಗಡಿಗೇ ಹೋಗು’ ಅಂದ. ನೀವು ಹೋದಿರಿ.

ಆಮೇಲೆ ಅವತ್ತು ಅಂಗಡಿಯಲ್ಲಿ ಆಟದ ಪಂದ್ಯವಿತ್ತೆಂದು ಯಾರೋ ಹೇಳಿದರು. ನಾನು ಫೋನಿನಲ್ಲಿ ಕೇಳಿದಾಗ ನೀವು ಅಲ್ಲಗಳೆಯಲಿಲ್ಲ. ಕ್ಯಾರಂ ಆಡುವಾಗಲೆಲ್ಲ ಈ ಕೈಗಳೇ ಅವತ್ತು ಫೋನ್ ಎತ್ತಲಿಲ್ಲ ಎಂದು ಅನ್ನಿಸುತ್ತಿತ್ತು. ಆದರೂ ಆಡುತ್ತಿದ್ದೆ.

‘ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ’ ಎಂದು ಮೌಸಿನ ದೂಳಿನ ಬಗ್ಗೆ ಬರೆದಿದ್ದೀರಿ. ಅಷ್ಟು ಸಣ್ಣ ವಿಷಯಕ್ಕೆ ನಿಜ ಹೇಳುವವರು ಇದಕ್ಕೂ ಹೇಳಿ. ಅವತ್ತು ನಿಮ್ಮ ಕೈಯಲ್ಲಿ ಏನಿತ್ತು? ಆಟವೇ ಆಗಿದ್ದರೆ ಆಟ ಎಂದೇ ಬರೆಯಿರಿ. ಒಂದೇ ಸಲ ಕೇಳುತ್ತೇನೆ.

ಹುಮೇರಾ


ಬಳ್ಳಾರಿ
೨೫ ಫೆಬ್ರವರಿ ೨೦೦೯

ಹುಮೇರಾ,

ಹಿರಿಯರು ಕೂರುವ ಸುದ್ದಿ ಓದಿದೆ. ಇನ್ನೂ ಹದಿನೈದು ದಿನಕ್ಕಿಂತ ಹೆಚ್ಚಿದೆ, ಏನಾದರೂ ಮಾಡೋಣ.

ಬಸ್ ಸ್ಟ್ಯಾಂಡಿನ ಹತ್ತಿರ ಮಾರೆಣ್ಣನ ಪರಿಚಯದವರ ಅಂಗಡಿಯಿದೆ, ಲೈನ್ ಬೇರೆ. ಅಲ್ಲಿ ಕೂತು ಇಬ್ಬರಿಗೂ ಹೊಸ ಅಕೌಂಟ್ ತೆರೆದಿದ್ದೇನೆ. ಮೇಲ್ ವಿಳಾಸ ಬೇರೆ ಬೇರೆ. ನಿನ್ನ ಹುಟ್ಟಿದ ದಿನ ಜನವರಿ ಒಂಬತ್ತು ಎಂದು ಹಾಕಿದೆ, ನಿಮ್ಮ ಅಬ್ಬಾರ ಲೆಕ್ಕ. ಹೆಸರು, ಪಾಸ್‌ವರ್ಡ್ ಈ ಚೀಟಿಯಲ್ಲಿದೆ. ಪುಸ್ತಕದಲ್ಲಿ ಬರೆದಿಲ್ಲ, ಚೀಟಿ ಹರಿದುಹಾಕು. ಸೋಮವಾರ ಆರೂವರೆಗೆ ಬಾ. ಒಂದು ಆಟ ಆಡಿದರೆ ಮನಸ್ಸು ತಿಳಿಯಾಗುತ್ತದೆ.

ಆ ದಿನದ ಮಾತು ಮುಗಿದುಹೋದದ್ದು. ಅಂಗಡಿಯಲ್ಲಿದ್ದೆ. ತಪ್ಪಾಯಿತು. ಇನ್ನೆಷ್ಟು ಸಲ ತಪ್ಪಾಯಿತು ಅನ್ನಲಿ?

ಫಾರೂಕ್


ಕುರುಗೋಡು
೨೮ ಫೆಬ್ರವರಿ ೨೦೦೯, ಶನಿವಾರ

ಚೀಟಿ ವಾಪಸ್ಸು ಕಳಿಸಿದ್ದೇನೆ. ಅಬ್ಬಾರ ಲೆಕ್ಕ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ. ಅದನ್ನು ನೀವು ಒಂದೇ ದಿನಕ್ಕೆ ಕಟ್ಟಿಹಾಕಿದಿರಿ.

ನಾನು ಆಟ ಕೇಳಲಿಲ್ಲ. ಹಿರಿಯರು ಕೂರುವುದು ಶುಕ್ರವಾರ ಹದಿಮೂರಕ್ಕೆ.

ಹುಮೇರಾ


ಬಳ್ಳಾರಿ
೩ ಮಾರ್ಚ್ ೨೦೦೯, ಮಂಗಳವಾರ

ಹುಮೇರಾ,

ಮಾರೆಣ್ಣನಿಗೆ ನಿನ್ನ ಮೂರು ಸಾಲು ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ‘ಲೇ ಫಾರೂಕಾ, ಹೇಳಲೇ ಆಕಿಗೆ. ಮರ್ಯಾದಿ ಉಳಿಸ್ಕೊಂಡು ಹೆಂಡ್ತಿನ ಕಳ್ಕೊಂತಿಯೇನು?’ ಅಂದ. ಅದಕ್ಕೆ ಬರೆಯುತ್ತಿದ್ದೇನೆ. ಮೂರು ಸಲ ಹರಿದು ಹಾಕಿ ನಾಲ್ಕನೆಯದು ಇದು.

ಜುಲೈ ಹತ್ತರಂದು ನಾನು ಅಂಗಡಿಯಲ್ಲಿ ಇರಲಿಲ್ಲ. ಪೊಲೀಸ್ ಸ್ಟೇಷನ್ನಿನಲ್ಲಿದ್ದೆ.

ಪಂದ್ಯವಿದ್ದದ್ದು ನಿಜ. ಅದರ ಹಿಂದಿನ ವಾರ, ನಾನು ನಮಾಜಿಗೆ ಹೋದಾಗ ಗಿರಾಕಿಯೊಬ್ಬ ಕೆಂಪು ಪುಸ್ತಕ ತೆಗೆದು ಇನ್ನೊಬ್ಬನ ಪಾಸ್‌ವರ್ಡ್ ನೋಡಿಕೊಂಡಿದ್ದಾನೆ. ಅವನ ಆಟದ ಅಕೌಂಟಿನಲ್ಲಿ ಗೆದ್ದಿಟ್ಟ ಪಾಯಿಂಟುಗಳನ್ನೆಲ್ಲ ತನ್ನದಕ್ಕೆ ಹಾಕಿಕೊಂಡ. ಅಷ್ಟು ಸಾಲದೆಂದು ಅವನ ಮೇಲ್‌ನಿಂದ ಅವನ ಮನೆಯ ಹೆಣ್ಣುಮಕ್ಕಳಿಗೇ ಹೊಲಸು ಬರೆದು ಕಳಿಸಿದ. ಕಳಕೊಂಡವನ ಅಪ್ಪ ಅದಿರಿನ ವ್ಯಾಪಾರದಲ್ಲಿ ಮೊನ್ನೆ ಮೊನ್ನೆ ದೊಡ್ಡವರಾದವರು. ಮೇಲ್ ಹೋದದ್ದು ನನ್ನ ಅಂಗಡಿಯಿಂದ, ಪಾಸ್‌ವರ್ಡ್ ನನ್ನ ಕೈಬರಹದಲ್ಲಿ. ಗುರುವಾರ ಬೆಳಗ್ಗೆ ಪಂದ್ಯ ಶುರುವಾಗುವ ಮುಂಚೆ ಪೊಲೀಸರು ಬಂದು ನನ್ನನ್ನೂ ಪುಸ್ತಕವನ್ನೂ ಜೀಪಿಗೆ ಹಾಕಿಕೊಂಡು ಹೋದರು.

ಹೊಡೆಯಲಿಲ್ಲ. ಬೆಂಚಿನ ಮೇಲೆ ಕೂರಿಸಿದರು. ಫೋನ್ ಟೇಬಲ್ಲಿನ ಡ್ರಾಯರಿನಲ್ಲಿ ಇಟ್ಟರು. ಒಂಬತ್ತೂವರೆಗೆ ಅದು ರಿಂಗ್ ಆಯಿತು. ನಿನ್ನ ನಂಬರಿಗೆ ನಾನು ಬೇರೆ ರಿಂಗ್ ಇಟ್ಟಿದ್ದೇನೆ, ನಿನಗೆ ಗೊತ್ತು. ‘ಮನಿಯಾಕಿ ಫೋನ್ ರೀ, ಒಂದ್ ಮಾತು ಆಡ್ತೀನಿ’ ಅಂದೆ. ‘ಕುಂದ್ರು, ಆಮ್ಯಾಲೆ ಮಾತಾಡುವಂತಿ’ ಅಂದರು. ಮತ್ತೆ ರಿಂಗ್ ಆಯಿತು. ಎಣಿಸುತ್ತಾ ಕೂತೆ. ಹನ್ನೊಂದು ಸಲ. ಹನ್ನೊಂದನೆಯದರ ಮೇಲೆ ನಿಂತಿತು. ಅಬ್ಬಾರಿಗೆ ಅಷ್ಟು ಜೋರಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಸುಸ್ತಾಗಿ ಬಿಟ್ಟಳು, ಸಂಜೆ ಬೈಯುತ್ತಾಳೆ ಎಂದುಕೊಂಡೆ.

ಮರುದಿನ ಸಂಜೆ, ಕದ್ದವನು ಒಪ್ಪಿಕೊಂಡ ಮೇಲೆ ಬಿಟ್ಟರು. ಮಾರೆಣ್ಣ ಬಂದು ಸಹಿ ಹಾಕಿದ. ಹೊರಗೆ ಬಂದು ಫೋನ್ ತೆರೆದಾಗ ಅಬ್ಬಾ ಹೋದ ಸುದ್ದಿ ಇತ್ತು.

ನಿಮ್ಮ ಮನೆಯ ಬಾಗಿಲಲ್ಲಿ ನಿಂತಾಗ ಹೇಳಬೇಕೆಂದೇ ಬಂದಿದ್ದೆ. ಒಳಗೆ ಅಷ್ಟು ಜನ ಕೂತಿದ್ದರು. ಅಬ್ಬಾ ನಮ್ಮ ನಿಕಾಹ್ ದಿನ ನನ್ನ ಕೈ ಹಿಡಿದು ನಿಮ್ಮ ಬಳಗಕ್ಕೆಲ್ಲ, ‘ಈ ಕೈಗೆ ಕಲೆ ಇಲ್ಲ’ ಎಂದು ತೋರಿಸಿದ್ದು ನೆನಪಾಯಿತು. ಅವರು ಹೋದ ಮೂರನೇ ದಿನ ಅವರ ಮನೆ ಮುಂದೆ ನಿಂತು ಸ್ಟೇಷನ್ನಿನಿಂದ ಬಂದೆ ಅನ್ನಲೇ? ನಿನ್ನನ್ನು ಎಲ್ಲರೂ ಸ್ಟೇಷನ್ನಿಗೆ ಹೋದವನ ಹೆಂಡತಿ ಅನ್ನುವುದಕ್ಕಿಂತ ಆಟದ ಹುಚ್ಚನ ಹೆಂಡತಿ ಅನ್ನಲಿ ಎಂದುಕೊಂಡೆ. ಒಮ್ಮೆ ಹೇಳಿದ ಮೇಲೆ ಅದನ್ನೇ ಹೇಳಬೇಕಾಯಿತು.

ನಾನು ಕಳ್ಳನಲ್ಲ. ಆದರೆ ಊರಿನ ಬೀಗದ ಕೈಗಳನ್ನು ಗೂಟಕ್ಕೆ ನೇತುಹಾಕಿದವನು ನಾನೇ. ಪೊಲೀಸರು ಆ ಪುಸ್ತಕ ಇಟ್ಟುಕೊಂಡ ಮೇಲೆ ಬುದ್ಧಿ ಬರಬೇಕಿತ್ತು, ಗಿರಾಕಿಗಳು ಕೇಳುತ್ತಾರೆಂದು ಅದೇ ಬಣ್ಣದ್ದು ಇನ್ನೊಂದು ಕೊಂಡೆ. ಈಗ ಬರೆಯುತ್ತಿಲ್ಲ. ಮರೆತವರು ಮರೆಯಲಿ.

ಹದಿಮೂರರಂದು ಹಿರಿಯರ ಮುಂದೆ ಇದನ್ನು ಓದಬೇಕು ಅನ್ನಿಸಿದರೆ ಓದು, ಬೇಡ ಅನ್ನಿಸಿದರೆ ಬೇಡ. ನಿನ್ನನ್ನು ಬಿಡಲು ನನಗೆ ಮನಸ್ಸಿಲ್ಲ.

ಫಾರೂಕ್


ಕುರುಗೋಡು
೭ ಮಾರ್ಚ್ ೨೦೦೯, ಶನಿವಾರ

ರೀ,

ನಿಮ್ಮ ಕಾಗದ ಓದಿ ಇವತ್ತು ಪಾಠ ಮಾಡಲಾಗಲಿಲ್ಲ. ಚಿದಾನಂದಪ್ಪನವರು ಹುಡುಗಿಯರನ್ನು ಕಳಿಸಿ, ಬಾಗಿಲು ಅರ್ಧ ಮುಂದೆ ಮಾಡಿ, ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಮೊದಲು ಸಿಟ್ಟು ಬಂತು, ಹೇಳಿಬಿಡುತ್ತೇನೆ. ಎಂಟು ತಿಂಗಳು ನಿಮ್ಮನ್ನು ಬೈದುಕೊಂಡೆ. ಬೈಯಬೇಕಾದ್ದು ಬೇರೆಯೇ ಇತ್ತು, ಅದನ್ನು ನನಗೆ ಕೊಡಲಿಲ್ಲ. ಸ್ಟೇಷನ್ನಿಗೆ ಹೋದವನ ಹೆಂಡತಿ ಎಂದು ಯಾರಾದರೂ ಅಂದಿದ್ದರೆ ಹೌದು ಅನ್ನುತ್ತಿದ್ದೆ. ನನ್ನ ಮರ್ಯಾದೆ ಉಳಿಸುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು. ಇದನ್ನು ನಾನು ಸುಲಭಕ್ಕೆ ಮರೆಯುವುದಿಲ್ಲ, ಮನೆಗೆ ಬಂದ ಮೇಲೂ ಆಗಾಗ ಎತ್ತಿ ಆಡುತ್ತೇನೆ.

ಹನ್ನೊಂದು ಸಲವಲ್ಲ, ಹದಿನಾಲ್ಕು. ಕೊನೆಯ ಮೂರು ಸಲ ನಂಬರ್ ಒತ್ತಿ, ರಿಂಗ್ ಆಗುವ ಮುಂಚೆ ನಾನೇ ಕಟ್ ಮಾಡಿದೆ. ಯಾಕೆಂದು ಇವತ್ತಿನವರೆಗೆ ಅಮ್ಮಿಗೂ ಹೇಳಿಲ್ಲ.

ಅಬ್ಬಾ ಕಣ್ಣು ತೆರೆದಿದ್ದರು. ಬೆಳಗಿನಿಂದ ನಿಮ್ಮನ್ನೇ ಕೇಳುತ್ತಿದ್ದರು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಅಣ್ಣ ಡಾಕ್ಟರನ್ನು ಕರೆತರಲು ಹೋಗಿದ್ದ. ‘ಫಾರೂಕ್ ಬಂದನೇನು?’ ಅಂದರು. ಫೋನ್ ಕೈಯಲ್ಲೇ ಇತ್ತು. ಇನ್ನೊಮ್ಮೆ ಇಲ್ಲ ಅನ್ನಲು ನನ್ನಿಂದಾಗಲಿಲ್ಲ. ‘ಬಂದಾರ ಅಬ್ಬಾ, ಬಾಗಿಲ ಮುಂದ ಗಾಡಿ ನಿಲ್ಲಸಾಕ ಹತ್ಯಾರ’ ಅಂದುಬಿಟ್ಟೆ. ಅವರ ಮುಖ ಸಡಿಲಾಯಿತು. ‘ಬಿಸಿಲಾಗ ಬಂದಾನ, ಮೊದಲ ನೀರು ಕೊಡವ್ವ ಅವಗ’ ಅಂದರು. ಬಂದಿದ್ದಾರೆ ಎಂದ ಮೇಲೆ ಅವರ ಮುಂದೆ ನಿಮಗೆ ಹೇಗೆ ಫೋನ್ ಮಾಡಲಿ, ಅದಕ್ಕೇ ಒತ್ತಿ ಒತ್ತಿ ಕಟ್ ಮಾಡಿದೆ. ಅವರು ಬಾಗಿಲ ಕಡೆ ನೋಡುತ್ತಾ ಇದ್ದರು. ಹಾಗೇ ಹೋದರು.

ನಾನು ಅವರಿಗೆ ಹೇಳಿದ ಕೊನೆಯ ಮಾತು ಸುಳ್ಳು. ಅದಕ್ಕೇ ನಿಮ್ಮ ಮೇಲೆ ಅಷ್ಟು ಸಿಟ್ಟು. ಅಬ್ಬಾರ ಹತ್ತಿರ ಹೋಗಿ ಹೇಳಿಕೊಳ್ಳೋಣವೆಂದರೆ ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವ ಹಾಗಿಲ್ಲ. ಅವರನ್ನು ಎಲ್ಲಿ ಮಲಗಿಸಿದ್ದಾರೆಂದು ನಾನು ಈ ತನಕ ನೋಡಿಲ್ಲ. ನೀವೂ ನೋಡಿಲ್ಲ.

ನೀವು ಹೋಗಬಹುದು.

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಬನ್ನಿ. ನೇರ ಮನೆಗೆ ಬರಬೇಡಿ. ಕಬರಸ್ತಾನದಲ್ಲಿ ಬೇವಿನ ಮರದ ಎಡಕ್ಕೆ ಮೂರನೆಯದು ಎಂದು ಅಣ್ಣ ಅಮ್ಮಿಗೆ ಹೇಳುವುದನ್ನು ಕೇಳಿದ್ದೇನೆ. ಫಾತಿಹಾ ಓದಿ, ಸ್ವಲ್ಪ ಹೊತ್ತು ಕೂತು, ಬಂದೆ ಎಂದು ಅವರಿಗೆ ಹೇಳಿ. ಎಲ್ಲಿದ್ದೆ, ಯಾಕೆ ತಡವಾಯಿತು ಎಂದೂ ಹೇಳಿ. ಹುಮೇರಾ ಸುಳ್ಳು ಹೇಳಲಿಲ್ಲ, ಸ್ವಲ್ಪ ಮುಂಚೆ ಹೇಳಿದಳು ಅಷ್ಟೇ ಅನ್ನಿ.

ಆಮೇಲೆ ಮನೆಗೆ ಬನ್ನಿ. ಅಣ್ಣ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಾನೆ. ಹಿರಿಯರೂ ಕೇಳುತ್ತಾರೆ. ನನಗೆ ಬರೆದ ಹಾಗೆಯೇ ಎಲ್ಲರ ಮುಂದೆ ಹೇಳಿಬಿಡಿ. ಪರದೆಯ ಹಿಂದೆ ನಾನು ನಿಲ್ಲುವುದಿಲ್ಲ. ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ.

ನಿಮ್ಮ
ಹುಮೇರಾ